ರಾತ್ರಿ ನೆಟ್ಟಗೆ ನಿಂತ ಕಾರು ಬೆಳಿಗ್ಗೆ ಕೂತಿದ್ದರೆ: ಎಲೆಕ್ಟ್ರಾನಿಕ್ ಸಸ್ಪೆನ್ಷನ್ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ನನ್ನ ಹಳೇ ಕಾರಿನ ಹಿಂಭಾಗ ದಿನಾ ಬೆಳಿಗ್ಗೆ ಕೂತಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಕೆಳಗೆಲ್ಲೋ ಗುರ್ರ್ ಅಂತ ಸದ್ದು ಬಂದು, ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತಿತ್ತು. ಏಳುತ್ತದಲ್ಲ, ಇನ್ನೇನು ಅಂತ ನಾಲ್ಕು ತಿಂಗಳು ಸುಮ್ನಿದ್ದೆ. ಒಂದು ದಿನ ಏಳಲಿಲ್ಲ. ಗ್ಯಾರೇಜಿನವರು ಸಸ್ಪೆನ್ಷನ್‌ಗೆ ಗಾಳಿ ತುಂಬುವ ಕಂಪ್ರೆಸರ್ ಹೋಗಿದೆ ಅಂದರು, ಹೊಸದು ಹಾಕಿದರು. ಹತ್ತು ವಾರಕ್ಕೆ ಆ ಹೊಸದೂ ಸುಟ್ಟುಹೋಯಿತು.

ಮೂರನೆಯದನ್ನು ಹಾಕಿಸಿದ ವಾರ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ನಾನೇ ಕೆಳಗೆ ಮಲಗಿದೆ. ಹಿಂದಿನ ಎಡಗಡೆ ಏರ್ ಸ್ಪ್ರಿಂಗಿನ, ಅಂದರೆ ಗಾಡಿಯ ಭಾರ ಹೊರುವ ಗಾಳಿ ಚೀಲದ, ರಬ್ಬರ್ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಬಿರುಕು. ಸೋಪಿನ ನೀರು ಸಿಂಪಡಿಸಿದೆ, ಬುಳುಬುಳು ಅಂತ ನೊರೆ ಎದ್ದಿತು. ಕಂಪ್ರೆಸರ್ ಸತ್ತದ್ದು ನಿಜ. ಆದರೆ ಅದನ್ನು ಕೊಂದದ್ದು ಈ ಬಿರುಕು. ಕೊಂದವನನ್ನು ಬಿಟ್ಟು ಹೆಣವನ್ನಷ್ಟೇ ಎರಡು ಸಲ ಬದಲಾಯಿಸಿದ್ದೆವು.

ಚಕ್ರಕ್ಕೂ ಗಾಡಿಯ ದೇಹಕ್ಕೂ ನಡುವಿನ ಸ್ಪ್ರಿಂಗ್, ಶಾಕ್‌ಗಳನ್ನು ಕಂಪ್ಯೂಟರ್ ನಡೆಸುವ ಎಲೆಕ್ಟ್ರಾನಿಕ್ ಸಸ್ಪೆನ್ಷನ್‌ನಲ್ಲಿ ಹೀಗಾಗುವುದು ಜಾಸ್ತಿ. ದೋಷ ಒಂದು ಕಡೆ ಇರುತ್ತದೆ, ಕೈಕೊಡುವುದು ಇನ್ನೊಂದು ಭಾಗ. ಅದಕ್ಕೇ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಪಾನಾ ಹಿಡಿಯುವುದು ಆಮೇಲೆ.

## ಮೊದಲು ಒಳಗೇನು ನಡೆಯುತ್ತದೆ ಅಂತ ನೋಡೋಣ

ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತದೆ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಇದೊಂದು ವ್ಯತ್ಯಾಸ ನೆನಪಿದ್ದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಕಾರು ಕೂತಿದೆಯಾ? ಸ್ಪ್ರಿಂಗ್, ಗಾಳಿ, ಎತ್ತರದ ಸೆನ್ಸರ್ ಕಡೆ ನೋಡಿ. ಎತ್ತರ ಸರಿಯಿದ್ದೂ ದೋಣಿಯಂತೆ ತೂಗುತ್ತಿದೆಯಾ, ಇಲ್ಲಾ ಕಲ್ಲಿನಂತೆ ಬಡಿಯುತ್ತಿದೆಯಾ? ಆಗ ಶಾಕ್ ಕಡೆ ನೋಡಿ.

ಮಾಮೂಲಿ ಶಾಕ್‌ಗೆ ಕಾರ್ಖಾನೆಯಲ್ಲಿ ಒಂದು ಗಟ್ಟಿತನ ಕೊಟ್ಟುಬಿಟ್ಟಿರುತ್ತಾರೆ. ಮೆತ್ತಗೆ ಮಾಡಿದರೆ ಹಳ್ಳದಿಣ್ಣೆಯಲ್ಲಿ ಹಾಯಾಗಿರುತ್ತದೆ, ತಿರುವಿನಲ್ಲಿ ವಾಲುತ್ತದೆ. ಗಟ್ಟಿ ಮಾಡಿದರೆ ತಿರುವಿನಲ್ಲಿ ನೆಟ್ಟಗಿರುತ್ತದೆ, ಒರಟು ರಸ್ತೆಯಲ್ಲಿ ಬೆನ್ನು ನೋಯುತ್ತದೆ. ಇನ್ನೂ ಒಂದು ಕಷ್ಟ ಇದೆ. ಕಾರಿನ ದೇಹ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ನಿಧಾನವಾಗಿ ಮೇಲೆ ಕೆಳಗೆ ಆಡುತ್ತದೆ. ಚಕ್ರ ಮಾತ್ರ ಸೆಕೆಂಡಿಗೆ 10ರಿಂದ 15 ಸಲ ಪಟಪಟ ಅಂತ ನಡುಗುತ್ತದೆ. ಎರಡನ್ನೂ ಒಂದೇ ಶಾಕ್ ಸುಧಾರಿಸಬೇಕು. ರಾಜಿ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

ಈ ರಾಜಿಯಿಂದ ತಪ್ಪಿಸಿಕೊಳ್ಳುವ ಒಂದು ಚಂದದ ಉಪಾಯವನ್ನು ಎಂಜಿನಿಯರ್ ಡೀನ್ ಕಾರ್ನಾಪ್ ಮತ್ತು ಜೊತೆಗಾರರು 1974ರಲ್ಲಿ ಬರೆದರು. ಅದರ ಹೆಸರು ಸ್ಕೈಹುಕ್. ಆಕಾಶದಲ್ಲಿ ಒಂದು ಕೊಕ್ಕೆ ಇದೆ, ಅದರಿಂದ ಇಳಿಬಿಟ್ಟ ಶಾಕ್ ಒಂದು ಕಾರಿನ ದೇಹವನ್ನು ಹಿಡಿದುಕೊಂಡಿದೆ ಅಂದುಕೊಳ್ಳಿ. ಚಕ್ರ ಏನೇ ಕುಣಿದರೂ ದೇಹ ಅಲ್ಲಾಡುವುದಿಲ್ಲ. ಅಂಥ ಕೊಕ್ಕೆ ಎಲ್ಲೂ ಇಲ್ಲ, ಆದರೆ ಅದರ ಪರಿಣಾಮವನ್ನು ನಕಲು ಮಾಡಬಹುದು. ದೇಹ ಮೇಲೇಳುತ್ತಾ ಚಕ್ರದಿಂದ ದೂರ ಹೋಗುತ್ತಿದೆ ಅನ್ನಿ. ಆ ಕ್ಷಣಕ್ಕೆ ಶಾಕನ್ನು ಗಟ್ಟಿ ಮಾಡಿದರೆ ಅದು ದೇಹವನ್ನು ಕೆಳಗೆ ಎಳೆದು ಹಿಡಿಯುತ್ತದೆ. ದೇಹ ಮೇಲೇಳುತ್ತಿದೆ, ಆದರೆ ಚಕ್ರ ಅದಕ್ಕಿಂತ ಜೋರಾಗಿ ಮೇಲೆ ಬರುತ್ತಿದೆ ಅನ್ನಿ. ಆಗ ಗಟ್ಟಿ ಶಾಕ್ ದೇಹವನ್ನು ಇನ್ನೂ ಮೇಲೆ ತಳ್ಳುತ್ತದೆ, ಹಾಗಾಗಿ ಕೂಡಲೇ ಮೆತ್ತಗೆ ಮಾಡಬೇಕು. ಕಂಪ್ಯೂಟರ್ ಈ ನಿರ್ಧಾರವನ್ನು ಸೆಕೆಂಡಿಗೆ ನೂರಾರು ಸಲ, ಒಂದೊಂದು ಚಕ್ರಕ್ಕೂ ಬೇರೆಬೇರೆಯಾಗಿ ಮಾಡುತ್ತದೆ. ಇಂದಿನ ಬಹಳಷ್ಟು ಗಾಡಿಗಳ ಶಾಕ್ ಲೆಕ್ಕದ ಹಿಂದೆ ಇದೇ ಯೋಚನೆಯ ಯಾವುದಾದರೂ ರೂಪ ಇರುತ್ತದೆ.

## ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಅಂದರೆ ಒಂದೇ ವಸ್ತುವಲ್ಲ. ಗೊತ್ತಿಲ್ಲದೆ ಕೈಹಾಕಿದರೆ ಇಲ್ಲದ ಕಂಪ್ರೆಸರನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಮೊದಲ ಬಗೆಯಲ್ಲಿ ಸ್ಪ್ರಿಂಗ್ ಮಾಮೂಲಿ ಸುರುಳಿಯದೇ, ಶಾಕ್ ಮಾತ್ರ ಎಲೆಕ್ಟ್ರಾನಿಕ್. ಶಾಕ್‌ನಲ್ಲಿ ಒಂದು ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಕರೆಂಟು ಹೆಚ್ಚು ಕಮ್ಮಿಯಾದಂತೆ ಎಣ್ಣೆ ಹರಿಯುವ ದಾರಿ ಅಗಲ ಅಥವಾ ಇಕ್ಕಟ್ಟು ಆಗುತ್ತದೆ. ಇದರ ಅಣ್ಣನಂಥದ್ದು ಮ್ಯಾಗ್ನೆಟಿಕ್ ಶಾಕ್. ಅದರಲ್ಲಿ ಇಂಥ ವಾಲ್ವೇ ಇಲ್ಲ. ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು ತೇಲುತ್ತಿರುತ್ತವೆ. ಪಿಸ್ಟನ್‌ನಲ್ಲಿರುವ ಕಾಯಿಲ್‌ಗೆ ಕರೆಂಟು ಬಂದ ಕೂಡಲೇ ಕಣಗಳು ಸಾಲಾಗಿ ನಿಂತು ಎಣ್ಣೆ ಗಟ್ಟಿಯಾದಂತೆ ಆಗುತ್ತದೆ. ಕೆಲವೇ ಮಿಲಿಸೆಕೆಂಡಿನ ಕೆಲಸ. ಇದು ಮಾರಾಟದ ಕಾರಿಗೆ ಮೊದಲು ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ, ಮ್ಯಾಗ್ನರೈಡ್ ಅನ್ನುವ ಹೆಸರಲ್ಲಿ.

ಎರಡನೆಯದು ಏರ್ ಸಸ್ಪೆನ್ಷನ್. ಸುರುಳಿ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಜೊತೆಗೆ ಕಂಪ್ರೆಸರ್, ಗಾಳಿಯ ತೇವ ಹೀರುವ ಡ್ರೈಯರ್, ಯಾವ ಮೂಲೆಗೆ ಗಾಳಿ ಹೋಗಬೇಕು ಅಂತ ತೀರ್ಮಾನಿಸುವ ವಾಲ್ವ್ ಬ್ಲಾಕ್, ಎತ್ತರದ ಸೆನ್ಸರ್‌ಗಳು, ಇದನ್ನೆಲ್ಲ ನಡೆಸುವ ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್. ಕೆಲವದರಲ್ಲಿ ಗಾಳಿ ಕೂಡಿಡಲು ಟ್ಯಾಂಕೂ ಇರುತ್ತದೆ. ಕಂಪ್ಯೂಟರ್ ನಡೆಸುವ ಏರ್ ಸಸ್ಪೆನ್ಷನ್ 1984ರಲ್ಲೇ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 7ರಲ್ಲಿ ಬಂದಿತ್ತು. ಈಗ ದೊಡ್ಡ ಕಾರುಗಳಲ್ಲಿ ಗಾಳಿಯ ಸ್ಪ್ರಿಂಗ್ ಮತ್ತು ಎಲೆಕ್ಟ್ರಾನಿಕ್ ಶಾಕ್ ಎರಡೂ ಜೊತೆಗಿರುವುದೇ ಜಾಸ್ತಿ.

ಮೂರನೆಯದು ಪೂರ್ತಿ ಆಕ್ಟಿವ್. ಇದು ಬರೀ ತಡೆಯುವುದಿಲ್ಲ, ಪಂಪು ಅಥವಾ ಮೋಟರಿನಿಂದ ಚಕ್ರವನ್ನು ಬೇಕೆಂದೇ ತಳ್ಳುತ್ತದೆ, ಎಳೆಯುತ್ತದೆ. 1992ರಲ್ಲಿ ನೈಜೆಲ್ ಮ್ಯಾನ್ಸೆಲ್ ಫಾರ್ಮುಲಾ 1 ಚಾಂಪಿಯನ್ ಆದ ವಿಲಿಯಮ್ಸ್ ಎಫ್‌ಡಬ್ಲ್ಯು14ಬಿ ಕಾರಿನಲ್ಲಿದ್ದದ್ದು ಆಕ್ಟಿವ್ ಸಸ್ಪೆನ್ಷನ್. ಅದೆಷ್ಟು ಚೆನ್ನಾಗಿತ್ತೆಂದರೆ 1994ಕ್ಕೆ ಅದನ್ನು ನಿಷೇಧಿಸಿದರು. ರಸ್ತೆ ಕಾರುಗಳಲ್ಲಿ ಮರ್ಸಿಡಿಸ್ 1999ರಲ್ಲಿ ಹೈಡ್ರಾಲಿಕ್ ರೂಪದಲ್ಲಿ ತಂದಿತು. ಈಚೆಗೆ 48 ವೋಲ್ಟಿನ ಮೋಟರುಗಳಿರುವ ಮಾದರಿಗಳು ಬಂದಿವೆ. ಇವುಗಳನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಒತ್ತಡವೂ ಅಪಾಯ, ಕರೆಂಟೂ ಅಪಾಯ. ಈ ಬರಹ ಮೊದಲ ಎರಡು ಬಗೆಗೆ ಮಾತ್ರ.

## ಹಂತ 1: ಪ್ರಾಣ ಮೊದಲು

ಇದನ್ನು ಹಾರಿಸಿ ಮುಂದೆ ಹೋಗಬೇಡಿ.

ಏರ್ ಸಸ್ಪೆನ್ಷನ್ ಗಾಡಿ ನೀವು ಏನೂ ಮುಟ್ಟದಿದ್ದರೂ ತಾನಾಗಿಯೇ ಇಳಿಯಬಹುದು. ಬಾಗಿಲು ತೆಗೆದರೆ, ಕೀ ಹತ್ತಿರ ಬಂದರೆ, ಎಷ್ಟೋ ಇಸಿಯುಗಳು ಎಚ್ಚರವಾಗಿ ಎತ್ತರ ಸರಿಮಾಡಲು ಶುರು ಮಾಡುತ್ತವೆ. ನೀವು ಆಗ ಕೆಳಗೆ ಮಲಗಿದ್ದರೆ? ಹಾಗಾಗಿ ಬರೀ ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು. ಬರೀ ಜಾಕ್ ಮೇಲೆ ನಿಂತಿದ್ದರೂ ಅಷ್ಟೇ.

ಮೊದಲು ಗಾಡಿಯ ಕೈಪಿಡಿಯಲ್ಲಿ ಜಾಕ್ ಮೋಡ್ ಅಥವಾ ಸರ್ವಿಸ್ ಮೋಡ್ ಎಲ್ಲಿದೆ ಅಂತ ನೋಡಿ, ಆನ್ ಮಾಡಿ. ಇದು ಎತ್ತರ ಸರಿಮಾಡುವ ಕೆಲಸವನ್ನು ನಿಲ್ಲಿಸುತ್ತದೆ. ಆಮೇಲೆ ಗಟ್ಟಿ, ಸಮತಟ್ಟು ನೆಲದ ಮೇಲೆ, ಚಕ್ರಕ್ಕೆ ಅಡ್ಡ ಕೊಟ್ಟು, ಕಂಪನಿ ಹೇಳಿದ ಜಾಗಗಳಲ್ಲೇ ಸ್ಟ್ಯಾಂಡ್ ಇಡಿ. ಕೀಲಿಯನ್ನು ಗಾಡಿಯಿಂದ ದೂರ ಇಡಿ.

ಗಾಳಿಯ ಪೈಪು ಬಿಚ್ಚುವ ಮೊದಲು ಆ ಮೂಲೆಯ ಗಾಳಿಯನ್ನು ಸ್ಕ್ಯಾನರ್ (ಇಸಿಯು ಜೊತೆ ಮಾತಾಡಲು ಗಾಡಿಗೆ ಜೋಡಿಸುವ ಸಾಧನ) ಮೂಲಕ ಹೊರಬಿಡಬೇಕು. ಕಾರಿನ ಟೈರಿನಲ್ಲಿ 2 ಬಾರ್ ಚಿಲ್ಲರೆ ಒತ್ತಡ ಇರುತ್ತದೆ. ಏರ್ ಸ್ಪ್ರಿಂಗಿನಲ್ಲಿ ಸಾಮಾನ್ಯವಾಗಿ 5ರಿಂದ 10 ಬಾರ್. ಟ್ಯಾಂಕಿನಲ್ಲಿ ಅದಕ್ಕಿಂತ ಜಾಸ್ತಿ. ಇಷ್ಟು ಒತ್ತಡದಲ್ಲಿ ಕಳಚಿದ ಪೈಪಿನ ತುದಿ ಚಾಟಿಯಂತೆ ಬೀಸುತ್ತದೆ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ.

## ಹಂತ 2: ಬ್ಯಾಟರಿ ಮತ್ತು ಫ್ಯೂಸ್

ಐದು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ರಾತ್ರಿಯಿಡೀ ನಿಂತ ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮುಂದೆ ಹೋಗಬೇಡಿ, ಮೊದಲು ಚಾರ್ಜ್ ಮಾಡಿ. ವೋಲ್ಟೇಜ್ ಕುಸಿದರೆ ಇಸಿಯು ಕಂಪ್ರೆಸರ್ ಓಡಿಸುವುದನ್ನೇ ನಿಲ್ಲಿಸಬಹುದು, ಸಂಬಂಧವಿಲ್ಲದ ಫಾಲ್ಟ್ ಕೋಡುಗಳೂ (ಇಸಿಯು ಬರೆದಿಡುವ ದೋಷದ ಗುರುತುಗಳು) ಹುಟ್ಟಿಕೊಳ್ಳುತ್ತವೆ. ಕಂಪ್ರೆಸರ್ ಫ್ಯೂಸ್ ದೊಡ್ಡದು, ಬಹಳ ಗಾಡಿಗಳಲ್ಲಿ 30 ಅಥವಾ 40 ಆಂಪಿಯರ್. ಸುಟ್ಟಿದ್ದರೆ ಅದಕ್ಕಿಂತ ದೊಡ್ಡದನ್ನು ಹಾಕುವ ಬುದ್ಧಿವಂತಿಕೆ ಬೇಡ. ಯಾಕೆ ಸುಟ್ಟಿತು ಅಂತ ಹುಡುಕಲು ಹಂತ 7ರ ಕಂಪ್ರೆಸರ್ ಪರೀಕ್ಷೆ ನೋಡಿ.

## ಹಂತ 3: ಟೇಪ್ ಹಿಡಿದು ಅಳೆಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಸಾಧನ ಬಟ್ಟೆ ಹೊಲಿಯುವವರು ಬಳಸುವಂಥ ಒಂದು ಟೇಪು. ಸ್ಕ್ಯಾನರ್ ಆಮೇಲೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಚಕ್ರದ ನಟ್ಟನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಕಮಾನಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಕಮ್ಮಿಯಿದ್ದರೆ ಲೆಕ್ಕ ತಪ್ಪುತ್ತದೆ. ನಾಲ್ಕೂ ಮೂಲೆಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಿರಿ.

ನಾನು ಹೀಗೆ ಮಾಡಿದ ಮೊದಲ ರಾತ್ರಿ ಹಿಂದಿನ ಎರಡೂ ಬದಿ 402 ಇತ್ತು. ಬೆಳಿಗ್ಗೆ ಎಡಕ್ಕೆ 361, ಬಲಕ್ಕೆ 363. ಅಂದರೆ ಎರಡೂ ಸ್ಪ್ರಿಂಗ್ ಲೀಕ್ ಅಂತಾಯಿತಲ್ವಾ? ಅಲ್ಲ. ಇಲ್ಲಿ ಒಂದು ಮೋಸ ಇದೆ. ಕೆಲವು ಗಾಡಿಗಳ ಇಸಿಯು ನಿಂತಲ್ಲೇ ಆಗಾಗ ಎದ್ದು ನೋಡುತ್ತದೆ. ಒಂದು ಮೂಲೆ ಇಳಿದಿದ್ದರೆ ಗಾಡಿ ಓರೆಯಾಗದಿರಲಿ ಅಂತ ಚೆನ್ನಾಗಿರುವ ಮೂಲೆಗಳ ಗಾಳಿಯನ್ನೂ ಬಿಟ್ಟು ಸಮ ಮಾಡುತ್ತದೆ. ಕಳ್ಳ ಒಬ್ಬ, ತಲೆತಗ್ಗಿಸಿ ನಿಂತವರು ಇಬ್ಬರು. ಮಾರನೇ ರಾತ್ರಿ ಸಸ್ಪೆನ್ಷನ್ ಇಸಿಯು ಫ್ಯೂಸ್ ತೆಗೆದಿಟ್ಟೆ. ಬೆಳಿಗ್ಗೆ ಬಲಕ್ಕೆ 400, ಎಡಕ್ಕೆ 358. ಕಳ್ಳ ಸಿಕ್ಕಿಬಿದ್ದ.

ಬಲಗಡೆಯ ಆ 2 ಮಿಲಿಮೀಟರ್ ಲೀಕ್ ಅಲ್ಲ. ರಾತ್ರಿ ಗಾಳಿ ತಣ್ಣಗಾದರೆ ಕುಗ್ಗುತ್ತದೆ. 30 ಡಿಗ್ರಿಯಿಂದ 15ಕ್ಕೆ ಇಳಿದರೆ ಅದೇ ಭಾರದ ಕೆಳಗಿನ ಗಾಳಿಯ ಗಾತ್ರ ಸುಮಾರು ಶೇ. 5ರಷ್ಟು ಕಮ್ಮಿಯಾಗುತ್ತದೆ. ನಾಲ್ಕೂ ಕಡೆ ಸಮನಾಗಿ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ.

## ಹಂತ 4: ಸ್ಕ್ಯಾನರ್ ಹಾಕಿ, ಆದರೆ ಅದರ ಮಾತನ್ನೇ ನಂಬಬೇಡಿ

ಅಗ್ಗದ ಕೋಡ್ ರೀಡರ್‌ಗಳು ಇಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ನಿಮಗೆ ಬೇಕಾದದ್ದು ಸಸ್ಪೆನ್ಷನ್ ಇಸಿಯು ಜೊತೆ ಮಾತಾಡುವ ಸ್ಕ್ಯಾನರ್. ಚಾಸಿಗೆ ಸೇರಿದ ಕೋಡುಗಳು ‘ಸಿ’ ಅಕ್ಷರದಿಂದಲೂ, ಇಸಿಯುಗಳ ನಡುವಿನ ಸಂಪರ್ಕದ ಕೋಡುಗಳು ‘ಯು’ ಅಕ್ಷರದಿಂದಲೂ ಶುರುವಾಗುತ್ತವೆ. ಅಳಿಸುವ ಮೊದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಅಳಿಸಿ, ಸ್ವಲ್ಪ ಓಡಿಸಿ, ಯಾವುದು ಮೊದಲು ವಾಪಸ್ ಬರುತ್ತದೆ ನೋಡಿ. ಸಾಮಾನ್ಯವಾಗಿ ಅದೇ ಮೂಲ, ಉಳಿದವು ಅದರ ಬಾಲ.

‘ಕಂಪ್ರೆಸರ್ ಜಾಸ್ತಿ ಹೊತ್ತು ಓಡಿದೆ’ ಅನ್ನುವ ಅರ್ಥದ ಕೋಡ್ ಬಂದರೆ ಕಂಪ್ರೆಸರ್ ಕೆಟ್ಟಿದೆ ಅಂತ ಓದಿಕೊಳ್ಳಬೇಡಿ. ಒತ್ತಡ ಕಟ್ಟಲು ಅದು ಒದ್ದಾಡಿದೆ, ಅಷ್ಟೇ. ಕಂಪ್ರೆಸರ್ ಸವೆದಿರಬಹುದು, ಗಾಳಿ ಸೋರುತ್ತಿರಬಹುದು. ನನ್ನ ಕಾರಿನಲ್ಲೂ ಇದೇ ಕೋಡ್ ಇತ್ತು, ಗ್ಯಾರೇಜಿನವರು ಎಡವಿದ್ದೂ ಇಲ್ಲೇ.

ಕೋಡಿಗಿಂತ ಲೈವ್ ಡೇಟಾ ನೋಡಿ. ನಾಲ್ಕು ಮೂಲೆಯ ಎತ್ತರ ಸ್ಕ್ಯಾನರ್‌ನಲ್ಲಿ ಎಷ್ಟಿದೆ, ನಿಮ್ಮ ಟೇಪಿನಲ್ಲಿ ಎಷ್ಟಿದೆ? ಎರಡೂ ಒಂದೇ ಕಥೆ ಹೇಳಿದರೆ ಹಂತ 6ಕ್ಕೆ ಹೋಗಿ. ಬೇರೆಬೇರೆ ಹೇಳಿದರೆ ಹಂತ 5.

## ಹಂತ 5: ಎತ್ತರದ ಸೆನ್ಸರ್

ಚಕ್ರವನ್ನು ಗಾಡಿಗೆ ಜೋಡಿಸುವ ಆರ್ಮ್ ಮತ್ತು ಚಾಸಿ ನಡುವೆ ಬೆರಳು ಗಾತ್ರದ ಒಂದು ಕಡ್ಡಿ ಇರುತ್ತದೆ. ಎರಡೂ ತುದಿಗೆ ಪುಟ್ಟ ಬಾಲ್ ಜಾಯಿಂಟ್. ಆರ್ಮ್ ಮೇಲೆ ಕೆಳಗೆ ಆಡಿದಂತೆ ಕಡ್ಡಿ ಸೆನ್ಸರಿನ ತೋಳನ್ನು ತಿರುಗಿಸುತ್ತದೆ. ಕೆಸರು, ಕಲ್ಲು, ನೀರು ಎಲ್ಲ ಹೊಡೆಯುವ ಜಾಗ ಅದು. ಕಡ್ಡಿ ಕಳಚುತ್ತದೆ, ಜಾಯಿಂಟ್ ತುಕ್ಕು ಹಿಡಿಯುತ್ತದೆ. ದೊಡ್ಡ ಗಾಡಿಯನ್ನು ಮಂಡಿಯೂರಿಸಲು ಈ ಸಣ್ಣ ಕಡ್ಡಿ ಸಾಕು. ಹೇಗೆ ಅಂದರೆ, ಕಳಚಿದ ಸೆನ್ಸರ್ ‘ಮೂಲೆ ತುಂಬಾ ಎತ್ತರದಲ್ಲಿದೆ’ ಅಂತ ಸುಳ್ಳು ಹೇಳಬಹುದು. ಇಸಿಯು ನಂಬಿ ಗಾಳಿ ಬಿಡುತ್ತದೆ. ನೋಡುವವರಿಗೆ ಲೀಕ್‌ನಂತೆ ಕಾಣುತ್ತದೆ. ಗುರುತು ಹಿಡಿಯುವುದು ಸುಲಭ: ಲೀಕ್ ಇದ್ದರೆ ನಿಂತಾಗ ಇಳಿಯುತ್ತದೆ, ಸ್ಟಾರ್ಟ್ ಮಾಡಿದರೆ ಏಳುತ್ತದೆ. ಸೆನ್ಸರ್ ಕೆಟ್ಟಿದ್ದರೆ ಇಂಜಿನ್ ಓಡುವಾಗಲೇ ಇಳಿಯುತ್ತದೆ.

ಮೊದಲು ಕಣ್ಣಿಂದ ನೋಡಿ. ಕಡ್ಡಿ ನೆಟ್ಟಗಿದೆಯಾ, ಜಾಯಿಂಟ್ ಸಡಿಲವಾ, ಕನೆಕ್ಟರ್ ಒಳಗೆ ಹಸಿರು ತುಕ್ಕು ಬಂದಿದೆಯಾ. ಆಮೇಲೆ ಮಲ್ಟಿಮೀಟರ್. ಬಹಳ ಸೆನ್ಸರ್‌ಗಳಲ್ಲಿ ಮೂರು ವೈರು: ಒಂದರಲ್ಲಿ 5 ವೋಲ್ಟ್, ಒಂದು ಅರ್ತ್, ಒಂದು ಸಿಗ್ನಲ್. ಕಡ್ಡಿ ಕಳಚಿ ತೋಳನ್ನು ನಿಧಾನವಾಗಿ ಆಡಿಸಿದರೆ ಸಿಗ್ನಲ್ 0.5ರಿಂದ 4.5 ವೋಲ್ಟ್ ವ್ಯಾಪ್ತಿಯೊಳಗೆ ನಯವಾಗಿ ಏರಬೇಕು, ಇಳಿಯಬೇಕು. ನಡುವೆ ಸೊನ್ನೆಗೆ ಹಾರಿದರೆ ಸೆನ್ಸರ್ ಹೋಗಿದೆ. ಕೆಲವು ಹೊಸ ಗಾಡಿಗಳಲ್ಲಿ ಡಿಜಿಟಲ್ ಸಿಗ್ನಲ್ ಇರುತ್ತದೆ, ಅವನ್ನು ಸ್ಕ್ಯಾನರ್‌ನಲ್ಲೇ ನೋಡಬೇಕು. ಒಂದು ಎಚ್ಚರಿಕೆ: ಜಾಕ್ ಮೋಡ್ ಇಲ್ಲದೆ ಈ ತೋಳು ಆಡಿಸಿದರೆ ಇಸಿಯು ಅದನ್ನೇ ನಿಜ ಅಂದುಕೊಂಡು ಗಾಳಿ ತುಂಬಲು ಅಥವಾ ಬಿಡಲು ಶುರು ಮಾಡುತ್ತದೆ.

## ಹಂತ 6: ಗಾಳಿ ಎಲ್ಲಿ ಸೋರುತ್ತಿದೆ

ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿ. ಗಾಡಿಯನ್ನು ಅತಿ ಎತ್ತರದ ಮೋಡಿಗೆ ಏರಿಸಿ, ಆಮೇಲೆ ಜಾಕ್ ಮೋಡ್, ಸ್ಟ್ಯಾಂಡ್. ಎತ್ತರಕ್ಕೆ ಏರಿಸುವುದಕ್ಕೆ ಕಾರಣ ಇದೆ. ರಬ್ಬರ್ ಚೀಲ ಕೆಳತುದಿಯಲ್ಲಿ ಪಿಸ್ಟನ್ (ಚೀಲ ಕೂರುವ ಗಟ್ಟಿ ಬುಡ) ಮೇಲೆ ಹೊರಳಿಕೊಂಡು ಮಡಿಕೆಯಾಗಿ ನಿಲ್ಲುತ್ತದೆ. ದಿನವಿಡೀ ಅದೇ ಜಾಗ ಬಿಚ್ಚಿ ಮಡಚಿ ಬಿಚ್ಚಿ ಮಡಚಿ ಬಿರುಕು ಬಿಡುತ್ತದೆ. ಗಾಡಿ ಕೆಳಗಿದ್ದಾಗ ಬಿರುಕು ಮಡಿಕೆಯೊಳಗೆ ಅಡಗಿರುತ್ತದೆ. ಏರಿಸಿದರೆ ಮಡಿಕೆ ಬಿಚ್ಚಿಕೊಂಡು ಮುಖ ತೋರಿಸುತ್ತದೆ.

ಮೊದಲು ಆ ಮಡಿಕೆಯ ಸುತ್ತ ಪೂರ್ತಿ ಸಿಂಪಡಿಸಿ. ಹಿಂಬದಿ ಕಾಣದಿದ್ದರೆ ಸಣ್ಣ ಕನ್ನಡಿ ಹಿಡಿಯಿರಿ. ಆಮೇಲೆ ಚೀಲದ ಮೇಲ್ತುದಿ, ಪೈಪು ಸೇರುವ ಜಾಗ. ದೊಡ್ಡ ಗುಳ್ಳೆಗಾಗಿ ಕಾಯಬೇಡಿ. ಸಾಸಿವೆ ಕಾಳಿನಂಥ ನೊರೆ ಒಂದೇ ಜಾಗದಲ್ಲಿ ನಿಧಾನವಾಗಿ ಬೆಳೆಯುತ್ತಿದ್ದರೂ ಅದು ಲೀಕೇ. ಒಂದೆರಡು ನಿಮಿಷ ತಾಳ್ಮೆಯಿಂದ ನೋಡಿ.

ಅಲ್ಲಿ ಏನೂ ಇಲ್ಲದಿದ್ದರೆ ವಾಲ್ವ್ ಬ್ಲಾಕಿನ ಜೋಡಣೆಗಳಿಗೆ ಹಾಕಿ, ಕನೆಕ್ಟರ್ ಒದ್ದೆ ಮಾಡದೆ. ಹೊರಗೆ ನೊರೆ ಇಲ್ಲ, ಆದರೂ ಇಳಿಯುತ್ತಿದೆ ಅಂದರೆ ವಾಲ್ವ್ ಒಳಗೇ ಸೋರಿ, ಗಾಳಿ ಹೊರಬಿಡುವ ದಾರಿಯಿಂದ ಹೋಗುತ್ತಿರಬಹುದು. ಆ ಪೈಪಿನ ಬಾಯಿಗೆ ಸೋಪು ಹಚ್ಚಿ ನೋಡಿ.

ಬಿರುಕು ಬಿಟ್ಟ ಚೀಲಕ್ಕೆ ಪಂಕ್ಚರ್ ತೇಪೆ, ಅಂಟು, ಟೇಪು ಯಾವುದೂ ನಿಲ್ಲುವುದಿಲ್ಲ. ಬದಲಾಯಿಸಲೇಬೇಕು. ಜೋಡಿಯ ಇನ್ನೊಂದು ಚೀಲಕ್ಕೂ ಅಷ್ಟೇ ವಯಸ್ಸಾಗಿರುತ್ತದೆ, ಅದರ ಮಡಿಕೆಯನ್ನೂ ಬಿಡದೆ ನೋಡಿ.

## ಹಂತ 7: ಈಗ ಕಂಪ್ರೆಸರ್

ಲೀಕ್ ಕಂಪ್ರೆಸರನ್ನು ಕೊಲ್ಲುವುದು ಎರಡು ದಾರಿಯಲ್ಲಿ. ಒಂದು, ಬಿಡುವಿಲ್ಲದ ದುಡಿತ. ಈ ಕಂಪ್ರೆಸರ್‌ಗಳು ಸ್ವಲ್ಪ ಹೊತ್ತು ಓಡಿ ತಣ್ಣಗಾಗಲು ಮಾಡಿದವು. ಬಿಸಿ ಜಾಸ್ತಿಯಾದರೆ ಇಸಿಯು ನಿಲ್ಲಿಸುತ್ತದೆ ನಿಜ, ಆದರೆ ದಿನಾ ಆ ಅಂಚಿಗೆ ಹೋದರೆ ಪಿಸ್ಟನ್ ರಿಂಗ್ ಸವೆಯುತ್ತದೆ.

ಎರಡನೆಯದು ಕಣ್ಣಿಗೆ ಬೀಳದ್ದು. ಡ್ರೈಯರ್ ಒಳಗಿನ ಮಣಿಗಳು ಒಳಬರುವ ಗಾಳಿಯ ತೇವ ಹೀರುತ್ತವೆ. ಗಾಡಿ ಇಳಿಯುವಾಗ ಒಣಗಿದ ಗಾಳಿ ಅದೇ ಡ್ರೈಯರ್ ಮೂಲಕ ವಾಪಸ್ ಹೋಗಿ ಮಣಿಗಳನ್ನು ಒಣಗಿಸುತ್ತದೆ. ಉಸಿರು ಎಳೆದಂತೆ, ಬಿಟ್ಟಂತೆ. ಲೀಕ್ ಇದ್ದರೆ ಗಾಳಿ ಬಿರುಕಿನಿಂದ ಹೋಗುತ್ತದೆಯೇ ಹೊರತು ಡ್ರೈಯರ್ ದಾರಿಗೆ ಬರುವುದಿಲ್ಲ. ಎಳೆಯುವುದೇ ಆಯಿತು, ಬಿಡುವುದಿಲ್ಲ. ಮಣಿಗಳು ನೆನೆದು ಪುಡಿಯಾಗುತ್ತವೆ. ನೀರು ಮತ್ತು ಪುಡಿ ವಾಲ್ವ್ ಬ್ಲಾಕಿಗೆ ಹೋಗಿ ಅದನ್ನೂ ಹಾಳು ಮಾಡುತ್ತವೆ. ಚಳಿ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ವಾಲ್ವ್ ಸಿಕ್ಕಿಕೊಳ್ಳುತ್ತದೆ.

ಪರೀಕ್ಷೆ ಹೀಗೆ. ಸ್ಕ್ಯಾನರ್‌ನಿಂದ ಕಂಪ್ರೆಸರಿಗೆ ಓಡು ಅಂತ ಆಜ್ಞೆ ಕೊಡಿ. ಸದ್ದೇ ಇಲ್ಲದಿದ್ದರೆ ಅದರ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿ. ವೋಲ್ಟೇಜ್ ಇದೆ, ಅರ್ತ್ ಸರಿಯಿದೆ, ಮೋಟರ್ ತಿರುಗುತ್ತಿಲ್ಲ ಅಂದರೆ ಕಂಪ್ರೆಸರ್ ಹೋಗಿದೆ. ವೋಲ್ಟೇಜೇ ಇಲ್ಲದಿದ್ದರೆ ರಿಲೇ (ಇಸಿಯು ಹೇಳಿದಾಗ ಕಂಪ್ರೆಸರಿಗೆ ಕರೆಂಟು ಬಿಡುವ ಸ್ವಿಚ್), ಫ್ಯೂಸ್, ವೈರು. ಓಡುತ್ತದೆ ಆದರೆ ಗಾಡಿ ಏಳುತ್ತಿಲ್ಲ ಅಂದರೆ ಗಾಳಿ ಎಳೆಯುವ ಫಿಲ್ಟರ್ ಕಟ್ಟಿದೆಯಾ ನೋಡಿ, ಆಮೇಲೆ ರಿಂಗ್ ಸವೆತ ಅನುಮಾನಿಸಿ.

ರಿಲೇ ಬಗ್ಗೆ ಬೇರೆಯೇ ಹೇಳಬೇಕು. ಕಂಪ್ರೆಸರ್ ಪದೇಪದೇ ಆನ್ ಆಫ್ ಆದರೆ ರಿಲೇ ಒಳಗಿನ ಪಾಯಿಂಟುಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಇಸಿಯು ನಿಲ್ಲು ಅಂದರೂ ಕಂಪ್ರೆಸರ್ ನಿಲ್ಲುವುದಿಲ್ಲ, ಸುಡುವವರೆಗೆ ಓಡುತ್ತದೆ. ಕಂಪ್ರೆಸರ್ ಬದಲಾಯಿಸಿದವರು ರಿಲೇಯನ್ನೂ ಬದಲಾಯಿಸಲೇಬೇಕು. ಕಂಪ್ರೆಸರ್ ಮುಂದೆ ಅದರ ಬೆಲೆ ಏನೇನೂ ಅಲ್ಲ. ಗಾಡಿ ಆಫ್ ಮಾಡಿದ ಮೇಲೂ ಗುರ್ರ್ ಸದ್ದು ನಿಲ್ಲದಿದ್ದರೆ ಕೂಡಲೇ ಫ್ಯೂಸ್ ಎಳೆಯಿರಿ.

## ಹಂತ 8: ಎಲೆಕ್ಟ್ರಾನಿಕ್ ಶಾಕ್

ಶಾಕ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಬೇರೆ ಪರೀಕ್ಷೆ ಬೇಡ, ಬದಲಾಯಿಸಿ. ಎರಡೂ ಬದಿ ಒಟ್ಟಿಗೆ.

ಎಣ್ಣೆ ಇಲ್ಲ, ಆದರೆ ವಾರ್ನಿಂಗ್ ಲೈಟ್ ಇದೆ ಅಂದರೆ ಕನೆಕ್ಟರ್ ಕಳಚಿ ಕಾಯಿಲ್‌ನ ಓಮ್ ಅಳೆಯಿರಿ. ಸಾಮಾನ್ಯವಾಗಿ ಕೆಲವೇ ಓಮ್ ಇರುತ್ತದೆ. ನಿಖರ ಅಂಕಿ ಸರ್ವಿಸ್ ಕೈಪಿಡಿಯಲ್ಲಿರುತ್ತದೆ, ಅದು ಕೈಗೆ ಸಿಗದಿದ್ದರೆ ಎಡ ಬಲ ಹೋಲಿಸಿ. ಒಂದು ಕಡೆ ಅನಂತ ತೋರಿಸಿದರೆ ಕಾಯಿಲ್ ಅಥವಾ ವೈರು ತುಂಡಾಗಿದೆ. ಚಕ್ರದ ಜೊತೆ ದಿನವಿಡೀ ಆಡುವ ವೈರು ಅದು, ತುಂಡಾಗುವುದು ಹೆಚ್ಚಾಗಿ ಬಾಗುವ ಜಾಗದಲ್ಲಿ. ಮೀಟರ್ ಹಿಡಿದುಕೊಂಡೇ ವೈರನ್ನು ಅಲ್ಲಾಡಿಸಿ ನೋಡಿ. ಕಾಯಿಲ್ ಪರೀಕ್ಷೆಗೆ ಅಂತ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಬೇಡಿ. ಇಸಿಯು ಅದಕ್ಕೆ ಅಳೆದು ಸುರಿದು ಕರೆಂಟು ಕೊಡುತ್ತದೆ, ನೀವು ಒಮ್ಮೆಲೇ ಸುರಿದರೆ ಸುಡುತ್ತದೆ.

ಕರೆಂಟು ಹೋದಾಗ ಶಾಕ್ ಹೇಗೆ ವರ್ತಿಸುತ್ತದೆ ಅನ್ನುವುದೂ ಒಂದು ಸುಳಿವು. ಮ್ಯಾಗ್ನೆಟಿಕ್ ಶಾಕ್ ಮೆತ್ತಗಾಗುತ್ತದೆ, ಯಾಕೆಂದರೆ ಗಟ್ಟಿತನ ಬರುವುದೇ ಕರೆಂಟಿನಿಂದ. ವಾಲ್ವ್ ಇರುವ ಶಾಕ್‌ಗಳನ್ನು ಸಾಮಾನ್ಯವಾಗಿ ಮಧ್ಯಮ ಅಥವಾ ಗಟ್ಟಿ ಸ್ಥಿತಿಗೆ ಹೋಗುವಂತೆ ಮಾಡಿರುತ್ತಾರೆ.

ಹಲವು ಇಸಿಯುಗಳು ಒಟ್ಟಿಗೆ ದೂರುತ್ತಿದ್ದರೆ ಶಾಕನ್ನು ಬಿಟ್ಟು ಕ್ಯಾನ್ ವೈರು, ಅಂದರೆ ಇಸಿಯುಗಳು ತಮ್ಮತಮ್ಮಲ್ಲಿ ಮಾತಾಡುವ ಜೋಡಿ ವೈರು, ನೋಡಿ. ಬ್ಯಾಟರಿ ಕಳಚಿ ಎರಡು ಕ್ಯಾನ್ ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಸಂಪರ್ಕ ತಪ್ಪಿದೆ. ಸೊನ್ನೆ ಬಂದರೆ ವೈರುಗಳು ಒಂದಕ್ಕೊಂದು ತಾಗಿವೆ.

## ಹಂತ 9: ಹೊಸ ಭಾಗ ಹಾಕುವಾಗ

ಪೈಪಿನ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಕಟಿಂಗ್ ಪ್ಲೇಯರ್‌ನಿಂದ ಹಿಸುಕಿ ಕತ್ತರಿಸಿದರೆ ತುದಿ ಅಂಡಾಕಾರವಾಗಿ, ಹೊಸ ಜೋಡಣೆಯೂ ಸೋರುತ್ತದೆ. ಹಿತ್ತಾಳೆ ಫಿಟ್ಟಿಂಗನ್ನು ಬೆರಳಿನಿಂದ ತಿರುಗಿಸಿ, ಕೊನೆಗೆ ಪಾನಾದಿಂದ ಸ್ವಲ್ಪವೇ ಬಿಗಿ ಮಾಡಿ. ಬಲಪ್ರದರ್ಶನಕ್ಕೆ ಅದು ಜಾಗವಲ್ಲ.

ಗಾಳಿ ಇಲ್ಲದ ಹೊಸ ಚೀಲದ ಮೇಲೆ ಗಾಡಿಯ ಭಾರ ಬಿಡಬೇಡಿ. ಮಡಿಕೆ ಅಡ್ಡಾದಿಡ್ಡಿ ಸಿಕ್ಕಿಕೊಂಡು ಮೊದಲ ದಿನವೇ ಹರಿಯುತ್ತದೆ. ಚಕ್ರ ತೂಗಾಡುತ್ತಿರುವಾಗಲೇ ಸ್ಕ್ಯಾನರ್‌ನಿಂದ ಸ್ವಲ್ಪ ಗಾಳಿ ತುಂಬಿ, ಮಡಿಕೆ ಸುತ್ತಲೂ ಸಮನಾಗಿ ಹೊರಳಿದೆಯಾ ನೋಡಿ, ಆಮೇಲೆ ನಿಧಾನವಾಗಿ ಇಳಿಸಿ. ಆರ್ಮ್ ಬೋಲ್ಟುಗಳನ್ನು ಸಡಿಲಿಸಿದ್ದರೆ ಚಕ್ರ ಇಳಿಬಿದ್ದ ಸ್ಥಿತಿಯಲ್ಲಿ ಕೊನೆಯ ಬಿಗಿ ಕೊಡಬೇಡಿ. ಆರ್ಮ್ ಕೆಳಗೆ ಜಾಕ್ ಕೊಟ್ಟು, ಟೇಪಿನಲ್ಲಿ ಅಳೆದು, ಓಡುವ ಎತ್ತರಕ್ಕೆ ತಂದು ಬಿಗಿ ಮಾಡಿ. ಇಲ್ಲದಿದ್ದರೆ ರಬ್ಬರ್ ಬುಶ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇದನ್ನೆಲ್ಲ ಕಿತ್ತು ಮಾಮೂಲಿ ಸುರುಳಿ ಸ್ಪ್ರಿಂಗ್ ಕಿಟ್ ಹಾಕಿಬಿಡಿ ಅನ್ನುವವರೂ ಸಿಗುತ್ತಾರೆ. ತುಂಬಾ ಹಳೇ ಗಾಡಿಗೆ, ಬಿಡಿಭಾಗವೇ ಸಿಗದಿದ್ದಾಗ, ನಾನೂ ಬೇಡ ಅನ್ನುವುದಿಲ್ಲ. ಆದರೆ ಭಾರ ಹಾಕಿದಾಗ ಸಮ ನಿಲ್ಲುವ ಗುಣ ಹೋಗುತ್ತದೆ, ವಾರ್ನಿಂಗ್ ಲೈಟ್ ಕಾಡುತ್ತದೆ, ಮತ್ತು ಕಂಪನಿ ಟ್ಯೂನ್ ಮಾಡಿದ ಸ್ಥಿರತೆಯ ಲೆಕ್ಕ ಆ ಸ್ಪ್ರಿಂಗಿಗೆ ಮಾಡಿದ್ದಲ್ಲ. ಒಂದು ಚೀಲದ ಬಿರುಕಿಗಾಗಿ ಅಷ್ಟು ದೂರ ಹೋಗಬೇಕಿಲ್ಲ.

## ಹಂತ 10: ಎತ್ತರ ಕಲಿಸುವುದು

ಸೆನ್ಸರ್, ಇಸಿಯು ಅಥವಾ ಸ್ಪ್ರಿಂಗ್ ಬದಲಾಯಿಸಿದ ಮೇಲೆ ಕ್ಯಾಲಿಬ್ರೇಶನ್, ಅಂದರೆ ಸರಿಯಾದ ಎತ್ತರವನ್ನು ಇಸಿಯುಗೆ ಹೇಳಿಕೊಡುವುದು, ಬೇಕಾಗುತ್ತದೆ. ಸಮತಟ್ಟು ನೆಲ, ಟೈರಿಗೆ ಸರಿಯಾದ ಗಾಳಿ, ಒಳಗೆ ಯಾರೂ ಇಲ್ಲ, ಬಾಗಿಲು ಮುಚ್ಚಿದೆ, ಯಾರೂ ಒರಗಿ ನಿಂತಿಲ್ಲ. ನಾಲ್ಕೂ ಮೂಲೆ ಅಳೆದು ಸ್ಕ್ಯಾನರ್ ಕೇಳಿದ ಜಾಗದಲ್ಲಿ ಅಂಕಿ ಕೊಡಿ. ಇಲ್ಲಿ 10 ಮಿಲಿಮೀಟರ್ ತಪ್ಪು ಬರೆದರೆ ಗಾಡಿ ಜೀವನಪೂರ್ತಿ 10 ಮಿಲಿಮೀಟರ್ ಓರೆಯಾಗಿ, ‘ನಾನು ನೆಟ್ಟಗಿದ್ದೇನೆ’ ಅಂತ ನಂಬಿಕೊಂಡು ಓಡುತ್ತದೆ.

ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ. ಹಾಗಾಗಿ ವೀಲ್ ಅಲೈನ್‌ಮೆಂಟ್ ಕ್ಯಾಲಿಬ್ರೇಶನ್ ಆದಮೇಲೆ, ಮೊದಲಲ್ಲ. ಹೆಡ್‌ಲೈಟ್ ಬೀಳುವ ಜಾಗ ನೋಡಿ. ಗಾಜಿನ ಹಿಂದೆ ಕ್ಯಾಮೆರಾ, ಮುಂದೆ ರಾಡಾರ್ ಇರುವ ಗಾಡಿಯಾದರೆ ಅವುಗಳಿಗೂ ಕ್ಯಾಲಿಬ್ರೇಶನ್ ಬೇಕಾ ಅಂತ ಕೈಪಿಡಿಯಲ್ಲಿ ನೋಡಿ.

ಆಮೇಲೆ ಇಪ್ಪತ್ತು ನಿಮಿಷ ಓಡಿಸಿ. ಎಲ್ಲ ಮೋಡುಗಳಿಗೂ ಹೋಗಿ ಬನ್ನಿ, ಒಂದೆರಡು ಉಬ್ಬು ದಾಟಿ, ನಿಲ್ಲಿಸಿ ಕೋಡ್ ನೋಡಿ. ರಾತ್ರಿ ಇಸಿಯು ಫ್ಯೂಸ್ ತೆಗೆದು, ನಾಲ್ಕು ಮೂಲೆ ಅಳೆದು ಮಲಗಿ.

ನನ್ನ ಪುಸ್ತಕದಲ್ಲಿ ಹೊಸ ಚೀಲ ಹಾಕಿದ ದಿನದ ಪುಟ ಇನ್ನೂ ಇದೆ. ಹಿಂದಿನ ಎಡ, ರಾತ್ರಿ 402. ಬೆಳಿಗ್ಗೆ 400. ಆ ಮೂರನೇ ಕಂಪ್ರೆಸರೇ ಇವತ್ತಿಗೂ ಓಡುತ್ತಿದೆ.